ಅಂಗೈ ಕ್ಯಾಮೆರಾದ ಮೈಕಟ್ಟು

ರಾಮನಗರದ ಬಂಡೆಗಳಿಗೆ ದೊಡ್ಡ ಕ್ಯಾಮೆರಾ ಹೊಸದಲ್ಲ. 1973ರ ಅಕ್ಟೋಬರಿನಲ್ಲಿ ‘ಶೋಲೆ’ ಚಿತ್ರತಂಡ ಬಂದು ಇಲ್ಲಿ ಬೀಡುಬಿಟ್ಟಿತು. ಅದಾಗಿ ಸುಮಾರು ಹತ್ತು ವರ್ಷಕ್ಕೆ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಗಳಿಗಾಗಿ ಡೇವಿಡ್ ಲೀನ್ ಸಾವನದುರ್ಗಕ್ಕೆ ಬಂದರು. ಟ್ರಾಲಿಯ ಮೇಲೆ ಓಡುವ, ಇಬ್ಬರು ಮೂವರು ಹೊತ್ತು ಇಳಿಸುವ ಅಂಥ ಕ್ಯಾಮೆರಾ ನೋಡಲು ಹೇಗಿದೆ ಎಂದು ಯಾರೂ ಕೇಳುವುದಿಲ್ಲ, ಕೆಲಸ ಮಾಡಿದರೆ ಸಾಕು. ಜೇಬಿಗೆ ಇಳಿಯುವ ಕ್ಯಾಮೆರಾದ ಕತೆ ಬೇರೆ. ಸಾತನೂರು, ಹಲಗೂರು ಹಾದು ಮುತ್ತತ್ತಿಗೆ ಹೋಗುವ, ಇಲ್ಲವೇ ಕಬ್ಬಾಳಮ್ಮನ ಗುಡಿಗೆ ತಿರುಗುವ ಭಾನುವಾರದ ಜನರ ಕೈಯಲ್ಲಿ ಈಗ ಬಹುಪಾಲು ಫೋನುಗಳೇ. ಆದರೂ ಎಲ್ಲೋ ಒಬ್ಬಿಬ್ಬರ ಮಣಿಕಟ್ಟಿನಲ್ಲಿ ಒಂದು ಪುಟ್ಟ ಕರಿ ಪೆಟ್ಟಿಗೆ ನೇತಾಡುತ್ತಿರುತ್ತದೆ. ಮೇಲೆ ಅಲಂಕಾರವಿಲ್ಲ, ಹೊಳಪಿಲ್ಲ, ಹೆಸರು ಕೂಡ ಕಂಡೂ ಕಾಣದಷ್ಟು ಸಣ್ಣದು. ಬೆಲೆ ಕೇಳಿದರೆ ಲಕ್ಷ ರೂಪಾಯಿಯ ಆಚೀಚೆ.

ಅಷ್ಟು ಬೆಲೆಯ ವಸ್ತು ಅಷ್ಟು ಬಡವಾಗಿ ಕಾಣುವಂತೆ ಮಾಡಲು ನೂರು ವರ್ಷ ಹಿಡಿದಿದೆ. ದೊಡ್ಡದಾಗಿರುವುದೇ ಬಲವಾದದ್ದು ಎಂದು ನಮ್ಮ ಕಣ್ಣು ನಂಬಿದೆ. ಮದುವೆ ಮಂಟಪದಲ್ಲಿ ಉದ್ದನೆಯ ಲೆನ್ಸ್ ಹಿಡಿದವನಿಗೇ ದಾರಿ ಬಿಡುತ್ತೇವೆ. ಚಿಕ್ಕದೂ ಸಮರ್ಥವಾದದ್ದು ಎಂದು ಒಪ್ಪಿಸಬೇಕಾದ ವಿನ್ಯಾಸಕನ ಕೈಯಲ್ಲಿ ಇರುವ ಸ್ವಾತಂತ್ರ್ಯವೋ ಬಹಳ ಕಡಿಮೆ. ಲೆನ್ಸಿಗೂ ಫಿಲ್ಮಿಗೂ (ಈಗ ಸೆನ್ಸರಿಗೂ) ಇಷ್ಟು ದೂರ ಇರಲೇಬೇಕು, ಅದು ಬೆಳಕಿನ ಲೆಕ್ಕ. ಫಿಲ್ಮ್ ಸುರುಳಿಗೆ, ಈಗಿನ ಬ್ಯಾಟರಿಗೆ, ಇಷ್ಟು ಜಾಗ ಬೇಕು. ಮನುಷ್ಯನ ಬೆರಳಂತೂ ಯಂತ್ರ ಚಿಕ್ಕದಾಯಿತೆಂದು ತಾನೂ ಚಿಕ್ಕದಾಗುವುದಿಲ್ಲ. ಈ ಮೂರರಿಂದಲೇ ಮೈಕಟ್ಟನ್ನು ತೆಗೆದವರ ಕ್ಯಾಮೆರಾಗಳು ಇವತ್ತಿಗೂ ಹಳತೆನಿಸುವುದಿಲ್ಲ. ಮೈಮೇಲೆ ರೂಪವನ್ನು ಅಂಟಿಸಿದವರ ಕ್ಯಾಮೆರಾಗಳು ಐದೇ ವರ್ಷಕ್ಕೆ ಗುಜರಿಯಂತೆ ಕಂಡಿವೆ. ಈ ಲೇಖನದುದ್ದಕ್ಕೂ ನಾನು ಹಿಡಿದು ನೋಡುವ ಅಳತೆಗೋಲು ಇದೊಂದೇ.

ಜರ್ಮನಿಯ ವೆಟ್ಸ್‌ಲರ್ ಊರಿನ ಎರ್ನ್ಸ್ಟ್ ಲೈಟ್ಸ್ ಕಂಪನಿಯಲ್ಲಿ ಸೂಕ್ಷ್ಮದರ್ಶಕಗಳು ತಯಾರಾಗುತ್ತಿದ್ದವು. ಅಲ್ಲಿದ್ದ ಒಸ್ಕರ್ ಬರ್ನಾಕ್‌ಗೆ ಉಬ್ಬಸ. ಗಾಜಿನ ಪ್ಲೇಟುಗಳ ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, 18×24 ಮಿ.ಮೀ. ಚೌಕಟ್ಟನ್ನು ಇಮ್ಮಡಿಸಿ 24×36 ಮಿ.ಮೀ. ಮಾಡಿಕೊಂಡು, 1914ರ ಹೊತ್ತಿಗೆ ಅವರು ಒಂದು ಮಾದರಿ ಕಟ್ಟಿದ್ದರು. ನಡುವೆ ಮಹಾಯುದ್ಧ ಬಂತು. ಲೈಕಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದದ್ದು 1925ರಲ್ಲಿ, ಲೈಪ್‌ಜಿಗ್ ಮೇಳದಲ್ಲಿ.

ಲೈಕಾದ ಎರಡು ತುದಿಗಳೂ ದುಂಡು. ಅದನ್ನು ನೋಡಿದವರು ಕೈಗೆ ಹಿತವಾಗಲೆಂದು ದುಂಡಾಗಿಸಿದ್ದಾರೆ ಅಂದುಕೊಳ್ಳುತ್ತಾರೆ. ಒಳಗಿರುವುದನ್ನು ನೆನೆದರೆ ಬೇರೆಯೇ ಕಾರಣ ಹೊಳೆಯುತ್ತದೆ: ಒಂದು ತುದಿಯಲ್ಲಿ ಫಿಲ್ಮ್ ಸುರುಳಿ, ಇನ್ನೊಂದು ತುದಿಯಲ್ಲಿ ಅದನ್ನು ಸುತ್ತಿಕೊಳ್ಳುವ ಉರುಳೆ. ಎರಡು ಉರುಳೆಗಳ ಸುತ್ತ ತಗಡನ್ನು ಬಿಗಿಯಾಗಿ ಸುತ್ತಿದರೆ ಸಿಗುವ ಆಕಾರವೇ ಅದು. ಕೈಗೆ ಹಿತವಾದದ್ದು ಅದರ ಜೊತೆಗೇ ಬಂದ ಲಾಭ. ಲೆನ್ಸನ್ನು ಎಳೆದು ತಿರುಗಿಸಿದರೆ ಚಿತ್ರಕ್ಕೆ ಸಿದ್ಧ, ಒಳಕ್ಕೆ ದೂಡಿದರೆ ಕೋಟಿನ ಜೇಬಿಗೆ ಸಿದ್ಧ. ಮಕ್ಸ್ ಬೆರೆಕ್ ಲೆಕ್ಕ ಹಾಕಿದ ಆ 50 ಮಿ.ಮೀ. ಲೆನ್ಸ್ ಚುರುಕಾಗಿ ಚಿತ್ರ ಮೂಡಿಸುತ್ತಿತ್ತು. ಪುಟ್ಟ ನೆಗೆಟಿವ್‌ನಿಂದ ದೊಡ್ಡ ಮುದ್ರಣ ತೆಗೆಯಬಹುದೆಂದು ನಂಬಿಸಿದ್ದೇ ಅದು. ಆಮೇಲೆ ಬಂದ ಎಷ್ಟೋ ಕಂಪನಿಗಳು ಫಿಲ್ಮೇ ಇಲ್ಲದ ಡಿಜಿಟಲ್ ಕ್ಯಾಮೆರಾಗಳಿಗೂ ಅದೇ ದುಂಡು ತುದಿಗಳನ್ನು ಉಳಿಸಿಕೊಂಡಿವೆ. ಕಾರಣ ಹೋದ ಮೇಲೂ ಆಕಾರ ಉಳಿಯಿತು.

ಲೈಕಾಕ್ಕಿಂತಲೂ ಚಿಕ್ಕದು ಬೇಕೆಂದವರು ವಾಲ್ಟರ್ ಜಾಪ್. ಲಾಟ್ವಿಯಾದ ರೀಗಾದಲ್ಲಿ 1938ರಲ್ಲಿ ತಯಾರಿಕೆಗೆ ಬಂದ ಅವರ ಮಿನಾಕ್ಸ್ 8×11 ಮಿ.ಮೀ. ಚಿತ್ರ ತೆಗೆಯುತ್ತಿತ್ತು. ಎಳೆದರೆ ಲೆನ್ಸ್ ತೆರೆದುಕೊಳ್ಳುತ್ತದೆ, ಮುಚ್ಚಿ ಮತ್ತೆ ಎಳೆದರೆ ಮುಂದಿನ ಚಿತ್ರಕ್ಕೆ ಅಣಿಯಾಗುತ್ತದೆ. ಗೂಢಚಾರರ ಕ್ಯಾಮೆರಾ ಎಂದು ಹೆಸರಾದ ಮೇಲೆ ಅದರ ವಿನ್ಯಾಸದ ಜಾಣ್ಮೆ ಯಾರಿಗೂ ಬೇಡವಾಯಿತು. ಚಿತ್ರ ತೀರಾ ಸಣ್ಣದಾದ್ದರಿಂದ ಅದು ಈ ವಂಶದ ಒಂದು ಕವಲಾಗಿಯೇ ಉಳಿಯಿತು.

ಆ ಕಾಲಕ್ಕೂ ಆಮೇಲಿನ ದಶಕಗಳಿಗೂ ನಮ್ಮ ಕಡೆ ಕ್ಯಾಮೆರಾ ಎಂದರೆ ಸ್ಟುಡಿಯೊ. ಆಮದಿನ ಮೇಲಿನ ಬಿಗಿ ಸಡಿಲುವವರೆಗೆ ಒಳ್ಳೆಯ ಸಣ್ಣ ಕ್ಯಾಮೆರಾ ಹೊರದೇಶದಿಂದ ಬಂದ ನೆಂಟರ ಪೆಟ್ಟಿಗೆಯಲ್ಲಿ ಬರಬೇಕಿತ್ತು. ಮಧ್ಯಮ ವರ್ಗದ ಮನೆಗೆ ಎಟುಕಿದ್ದು ದೇಶದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3. ರೋಲ್ ಫಿಲ್ಮಿನಲ್ಲಿ 12 ಚಿತ್ರ. ಆಮೇಲೆ 1980ರ ದಶಕದಲ್ಲಿ ಹಾಟ್ ಶಾಟ್, 90ರ ದಶಕದಲ್ಲಿ ಕೊಡ್ಯಾಕ್ ಕೆಬಿ10. ಕಾಲೇಜು ಪ್ರವಾಸಗಳ ಆಲ್ಬಮ್ಮುಗಳನ್ನು ತುಂಬಿದ್ದು ಇವೇ. ಇವು ಅಗ್ಗ ಇದ್ದವು, ಸಮರ್ಥವೆಂದು ಹೇಳಿಕೊಂಡವಲ್ಲ; ಆದ್ದರಿಂದ ಈ ಸಮೀಕ್ಷೆಯ ದಾರಿ ಜಪಾನಿಗೆ ತಿರುಗಬೇಕು.

ಯೋಶಿಹಿಸಾ ಮೈತಾನಿ 1956ರಲ್ಲಿ ಒಲಿಂಪಸ್ ಸೇರಿದಾಗ ಅವರ ಬಳಿ ಸ್ವಂತದ ಲೈಕಾ ಇತ್ತು. 6,000 ಯೆನ್‌ಗೆ ಮಾರಬಹುದಾದ ಕ್ಯಾಮೆರಾ ಮಾಡಬೇಕೆಂಬ ಗುರಿ ಅವರ ಮುಂದೆ ಇತ್ತು. ಅಗ್ಗದ ಕ್ಯಾಮೆರಾಕ್ಕೆ ಅಗ್ಗದ ಲೆನ್ಸ್ ಎಂಬುದು ಆಗಿನ ನಡವಳಿಕೆ. ಮೈತಾನಿ ಹೋದದ್ದು ತಿರುಗಾ ದಾರಿಯಲ್ಲಿ: ಮೊದಲು ಒಳ್ಳೆಯ ಲೆನ್ಸ್, ಉಳಿದ ಹಣದಲ್ಲಿ ಏನಾಗುತ್ತದೋ ಅದು. ಫಿಲ್ಮ್ ಮುಂದೆ ಸರಿಸಲು ದುಬಾರಿ ಸನ್ನೆಯ ಬದಲು ಹಿಂಬದಿಯಲ್ಲಿ ಹೆಬ್ಬೆರಳಿಗೆ ಸಿಗುವ ಹಲ್ಲಿನ ಚಕ್ರ ಇಟ್ಟರು. 35 ಮಿ.ಮೀ. ಚೌಕಟ್ಟನ್ನು ಅರ್ಧ ಮಾಡಿದರು. 1959ರಲ್ಲಿ ಬಂದ ಒಲಿಂಪಸ್ ಪೆನ್‌ನ ಮುಖದ ಮೇಲೆ ಬೇಡದ್ದು ಒಂದೂ ಇಲ್ಲ. ಆ ಹಲ್ಲಿನ ಚಕ್ರ ಕಾಸು ಉಳಿಸಲು ಹುಟ್ಟಿದ್ದು. ಮುಂದೆ ಬಳಸಿ ಬಿಸಾಡುವ ಕ್ಯಾಮೆರಾಗಳವರೆಗೂ ಅದೇ ಚಕ್ರ ಬಂತು, ಇಂದಿನ ಡಿಜಿಟಲ್ ಕ್ಯಾಮೆರಾದ ಹೆಬ್ಬೆರಳಿನ ಚಕ್ರವೂ ಅದೇ ಜಾಗದಲ್ಲಿ ಕೂತಿದೆ.

ಪೆನ್‌ಗೂ ಮೈತಾನಿಯವರ ಮುಂದಿನ ದೊಡ್ಡ ಕೆಲಸಕ್ಕೂ ನಡುವೆ ಜರ್ಮನಿಯಲ್ಲಿ ಒಂದು ವಿಚಿತ್ರ ಹುಟ್ಟಿತು. ಹೈನ್ಸ್ ವಾಸ್ಕೆ ಎಂಬ ತಂತ್ರಜ್ಞ ಬಿಡುವಿನಲ್ಲಿ ಒಂದು ಪುಟ್ಟ ಕ್ಯಾಮೆರಾ ಮಾಡಿಟ್ಟುಕೊಂಡಿದ್ದರು. ಅವರಿದ್ದ ಕಂಪನಿ ಕ್ಯಾಮೆರಾ ತಯಾರಿಕೆಯನ್ನೇ ಬಿಡುವ ಯೋಚನೆಯಲ್ಲಿತ್ತು. ಲೈಟ್ಸ್, ಕೊಡ್ಯಾಕ್ ಎರಡೂ ಒಲ್ಲೆ ಅಂದವು. ಕೊನೆಗೆ ರೋಲೈ ಒಪ್ಪಿ 1966ರ ಫೋಟೋಕಿನಾ ಮೇಳದಲ್ಲಿ ರೋಲೈ 35 ಹೊರಬಂತು. ಫಿಲ್ಮಿನ ಪೂರ್ತಿ ಚೌಕಟ್ಟು, ಒಳಕ್ಕೆ ದೂಡಬಹುದಾದ ಟೆಸಾರ್ ಲೆನ್ಸ್, ಅಗಲ ಹತ್ತು ಸೆಂ.ಮೀ.ಗಿಂತ ಕಡಿಮೆ. ಅದರ ಮುಖ ನೋಡಿದವರು ಮರೆಯುವುದಿಲ್ಲ: ಲೆನ್ಸಿನ ಎರಡೂ ಬದಿ ಎರಡು ಡಯಲು, ಒಂದರಲ್ಲಿ ಶಟರ್ ವೇಗ, ಇನ್ನೊಂದರಲ್ಲಿ ಬೆಳಕಿನ ಕಿಂಡಿಯ ಅಳತೆ. ಮೇಲೆ ಜಾಗವಿಲ್ಲದ್ದಕ್ಕೆ ಫ್ಲ್ಯಾಶ್ ಸಿಕ್ಕಿಸುವ ಜಾಗ ತಳಕ್ಕೆ ಹೋಯಿತು. ಕ್ಯಾಮೆರಾವನ್ನು ತಲೆಕೆಳಗು ಹಿಡಿಯದೆ ಫ್ಲ್ಯಾಶ್ ಹೊಡೆದರೆ ನೆರಳು ಮೇಲಕ್ಕೆ ಬೀಳುತ್ತದೆ. ಇಂಥ ಹಟಮಾರಿ ವಸ್ತುವನ್ನು ಜನ ಲಕ್ಷಗಟ್ಟಲೆ ಕೊಂಡರು. ಅದರ ಪ್ರತಿ ವಿಚಿತ್ರಕ್ಕೂ ಹಿಂದೆ ಒಂದು ಕಾರಣ ಕಾಣುತ್ತಿತ್ತು. ಕಾರಣ ಕಂಡರೆ ತೊಡಕನ್ನೂ ಬಳಕೆದಾರ ಒಪ್ಪಿಕೊಳ್ಳುತ್ತಾನೆ ಎಂದು ನನಗನ್ನಿಸುವುದು ಈ ಕ್ಯಾಮೆರಾವನ್ನು ನೋಡಿದಾಗ.

1979ರಲ್ಲಿ ಮೈತಾನಿ ಎಕ್ಸ್‌ಎ ತಂದರು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ನೆತ್ತಿ ಇದು. ಅವರು ಎತ್ತಿಕೊಂಡ ಪ್ರಶ್ನೆ ಸಣ್ಣದಲ್ಲ: ಕ್ಯಾಮೆರಾ ಯಾಕೆ ಮನೆಯಲ್ಲೇ ಉಳಿಯುತ್ತದೆ? ಅದಕ್ಕೊಂದು ಚರ್ಮದ ಚೀಲ ಬೇಕು, ಲೆನ್ಸಿಗೊಂದು ಮುಚ್ಚಳ ಬೇಕು, ಎರಡೂ ಅಡ್ಡಿ. ಹಾಗಾದರೆ ಚೀಲವೇ ಬೇಡದ ಕ್ಯಾಮೆರಾ ಮಾಡೋಣ. ಮುಂಭಾಗದಲ್ಲಿ ಅಡ್ಡಕ್ಕೆ ಸರಿಯುವ ಒಂದು ಕವಚ ಇಟ್ಟರು. ಅದು ಸರಿದರೆ ಲೆನ್ಸ್ ತೆರೆಯುತ್ತದೆ, ಜೊತೆಗೆ ಕ್ಯಾಮೆರಾ ಎಚ್ಚರವಾಗುತ್ತದೆ. ಮುಚ್ಚಿದರೆ ಎಲ್ಲವೂ ಒಳಗೆ. ಹಾಗೆ ಆಗಬೇಕಿದ್ದರೆ ಲೆನ್ಸ್ ಹೊರಕ್ಕೆ ಚಾಚಬಾರದು. 35 ಮಿ.ಮೀ. ಲೆನ್ಸಿನ ಮುಂಗಾಜಿನಿಂದ ಫಿಲ್ಮಿನವರೆಗಿನ ದೂರವನ್ನು 35 ಮಿ.ಮೀ.ಗಿಂತಲೂ ಕಡಿಮೆಗೆ ಇಳಿಸುವ ಹೊಸ ಲೆನ್ಸ್ ರಚನೆ ಬೇಕಾಯಿತು. ಫೋಕಸ್ ಮಾಡಿದಾಗಲೂ ಮುಂಗಾಜು ಮುಂದೆ ಬರದಂತೆ ಒಳಗಿನ ಗಾಜು ಮಾತ್ರ ಸರಿಯುತ್ತದೆ. ಅಂದರೆ ಹೊರಗಿನ ಒಂದು ನುಣುಪು ರೇಖೆಗಾಗಿ ಒಳಗಿನ ಬೆಳಕಿನ ಲೆಕ್ಕವೇ ಬದಲಾಯಿತು. ಲೆನ್ಸಿನವರು ಕೊಟ್ಟದ್ದಕ್ಕೆ ಆಕಾರದವರು ಹೊದಿಕೆ ಹೊಲಿಯುವ ಹಳೆಯ ಕ್ರಮ ಇಲ್ಲಿ ಮುರಿದುಬಿತ್ತು.

ಎಕ್ಸ್‌ಎಯ ಮೇಲೆ ಕಣ್ಣಿಗೆ ಬೀಳುವ ಒಂದೇ ಬಣ್ಣ, ಶಟರಿನ ಕೆಂಪು ಚೌಕ. ಅದು ಒತ್ತುವ ಗುಂಡಿಯೂ ಅಲ್ಲ, ಮುಟ್ಟಿದರೆ ಸಾಕು. ವಿದ್ಯುತ್ತು ಶಟರನ್ನು ಬಿಡುತ್ತದೆ. ಫ್ಲ್ಯಾಶ್ ಬೇಕಾದವರು ಪಕ್ಕಕ್ಕೆ ತಿರುಪಿನಿಂದ ಸೇರಿಸಿಕೊಳ್ಳಬೇಕು. ಬೇಡದವರು ಅದರ ಭಾರ ಹೊರಬೇಕಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಹೊಳೆ ಬೇರೆ ಕಡೆಗೆ ಹರಿಯುತ್ತಿತ್ತು. 1975ರಲ್ಲಿ ಕೊನಿಕಾ ಫ್ಲ್ಯಾಶನ್ನು ಒಡಲಲ್ಲೇ ಸೇರಿಸಿತು, 1977ರಲ್ಲಿ ತಾನಾಗಿ ಫೋಕಸ್ ಮಾಡುವ ಸಿ35 ಎಎಫ್ ತಂದಿತು. ಕ್ಯಾಮೆರಾದ ಮುಖದ ಮೇಲೆ ಕಿಟಕಿಗಳು ಹೆಚ್ಚಿದವು: ಕಣ್ಣಿಗೊಂದು, ದೂರ ಅಳೆಯಲು ಎರಡು, ಬೆಳಕು ಅಳೆಯಲು ಇನ್ನೊಂದು, ಫ್ಲ್ಯಾಶಿಗೊಂದು. ಮೋಟಾರು ಬಂತು, ಬ್ಯಾಟರಿ ಬಂತು, ಮೈ ದಪ್ಪಗಾಯಿತು. ಪ್ಲಾಸ್ಟಿಕ್ ಅಚ್ಚಿನಲ್ಲಿ ಯಾವ ಆಕಾರವನ್ನು ಬೇಕಾದರೂ ತೆಗೆಯಬಹುದಾದ್ದರಿಂದ ವಿನ್ಯಾಸಕರು ಎಲ್ಲವನ್ನೂ ತೆಗೆದರು. ಜರ್ಮನಿಯ ಲುಯಿಜಿ ಕೊಲಾನಿ 1983ರಲ್ಲಿ ಕ್ಯಾನನ್‌ಗೆ ಮಾಡಿಕೊಟ್ಟ ಕಲ್ಪನೆಯ ಮಾದರಿಗಳು ಸಮುದ್ರಜೀವಿಗಳ ಹಾಗೆ ಬಾಗಿ ಬಳುಕಿದ್ದವು. ಅದರ ಒಳ್ಳೆಯ ಫಲ 1986ರ ದೊಡ್ಡ ಕ್ಯಾಮೆರಾ ಟಿ90ಗೆ ಸಿಕ್ಕಿತು. ಸಣ್ಣ ಕ್ಯಾಮೆರಾಗಳ ಪಾಲಿಗೆ ಬಂದದ್ದು ಉಬ್ಬಸ ಹಿಡಿದ ಬಳುಕು. 90ರ ದಶಕದ ಎಷ್ಟೋ ಜೂಮ್ ಕ್ಯಾಮೆರಾಗಳನ್ನು ಈಗ ನೋಡಿದರೆ ಯಾವುದು ಯಾವ ಕಂಪನಿಯದೆಂದು ಹೆಸರು ಓದದೆ ಹೇಳಲಾಗದು. ಒಲಿಂಪಸ್ ಮ್ಯು ಮಾತ್ರ ಇದಕ್ಕೆ ಹೊರತು. 1991ರಲ್ಲಿ ಬಂದ ಅದು ಎಕ್ಸ್‌ಎಯ ಸರಿಯುವ ಕವಚವನ್ನು ಪ್ಲಾಸ್ಟಿಕ್ ಯುಗಕ್ಕೆ ದಾಟಿಸಿತು.

ಈ ಗುಂಪಿನಿಂದ ತಾನು ಬೇರೆ ಎಂದು ತೋರಿಸಿಕೊಳ್ಳಲು ದುಬಾರಿ ಕ್ಯಾಮೆರಾ ಹಿಡಿದ ಉಪಾಯ ಲೋಹ. ಪೋರ್ಷ ವಿನ್ಯಾಸ ಸಂಸ್ಥೆಯ ಕೈಯಲ್ಲಿ ರೂಪುಗೊಂಡ ಕಾಂಟ್ಯಾಕ್ಸ್ ಟಿ 1984ರಲ್ಲಿ ಬಂತು. ಅದರ ಮುಂಬಾಗಿಲು ಕೋಟೆಯ ಸೇತುವೆ ಇಳಿದಂತೆ ಕೆಳಕ್ಕೆ ತೆರೆಯುತ್ತದೆ. 1990ರ ಟಿ2ಗೆ ಟೈಟೇನಿಯಂ ಮೈ, ಕಣ್ಣುಕಿಂಡಿಗೆ ನೀಲಮಣಿಯ ಗಾಜು, ಶಟರ್ ಗುಂಡಿಗೂ ಕೃತಕ ನೀಲಮಣಿ. ನೀಲಮಣಿ ಗೀಚು ಬೀಳದ ವಸ್ತು, ಸರಿಯೇ. ಆದರೆ ಶಟರ್ ಗುಂಡಿಗೆ ಗೀಚಿನ ಭಯವೇನು? ಇಲ್ಲಿ ವಿನ್ಯಾಸಕರು ಕೈಗಡಿಯಾರದ ಅಂಗಡಿಯ ಭಾಷೆ ಆಡಲು ಶುರುಮಾಡಿದ್ದರು. 1993ರ ನಿಕಾನ್ 35ಟಿಐ ಅದನ್ನು ಮುಚ್ಚಿಡಲೂ ಇಲ್ಲ: ನೆತ್ತಿಯ ಮೇಲೆ ಮುಳ್ಳುಗಳು ಓಡಾಡುವ ಗಡಿಯಾರದಂಥ ಮುಖ, ದೂರ, ಬೆಳಕಿನ ಕಿಂಡಿ, ಉಳಿದ ಚಿತ್ರ ಎಲ್ಲವನ್ನೂ ಮುಳ್ಳೇ ತೋರಿಸುತ್ತದೆ. ನೋಡಲು ಚಂದ, ಅದರಲ್ಲಿ ಎರಡು ಮಾತಿಲ್ಲ.

ಅದಕ್ಕೆ ಎದುರುತ್ತರವೆಂಬಂತೆ 1996ರಲ್ಲಿ ರಿಕೋ ಜಿಆರ್1 ಬಂತು. ಮೆಗ್ನೀಸಿಯಂ ಮಿಶ್ರಲೋಹದ ಮೈ, ಕರಿ ಬಣ್ಣ, 28 ಮಿ.ಮೀ. ಲೆನ್ಸ್. ಫಿಲ್ಮ್ ಸುರುಳಿಯ ವ್ಯಾಸವೇ ಸುಮಾರು 25 ಮಿ.ಮೀ. ಇರುವಾಗ ಕ್ಯಾಮೆರಾ ಅದಕ್ಕಿಂತ ತೆಳುವಾಗುವುದು ಹೇಗೆ? ಆಗುವುದಿಲ್ಲ. ಸುರುಳಿ ಕೂರುವ ಕಡೆ ಮಾತ್ರ ಮೈಯನ್ನು ಉಬ್ಬಿಸಿ, ಉಳಿದ ಕಡೆ ತೆಳ್ಳಗೆ ಬಿಟ್ಟರು. ಉಬ್ಬಿದ್ದೇ ಹಿಡಿಯಾಯಿತು; ಬೆರಳುಗಳು ಅದನ್ನೇ ಸುತ್ತಿಕೊಂಡವು. ಲೈಕಾದ ದುಂಡು ತುದಿಯನ್ನು ಹುಟ್ಟಿಸಿದ ಅದೇ ಸುರುಳಿ ಎಪ್ಪತ್ತು ವರ್ಷದ ಬಳಿಕ ಇನ್ನೊಂದು ಆಕಾರ ಹುಟ್ಟಿಸಿತು. ಒಂದೇ ಕೈಯಲ್ಲಿ ಎಲ್ಲವೂ ನಡೆಯಬೇಕು ಎಂಬುದು ಈ ಸಾಲಿನ ಪಟ್ಟು. 2005ರಲ್ಲಿ ಡಿಜಿಟಲ್ ಆದಾಗಲೂ, 2013ರಲ್ಲಿ ದೊಡ್ಡ ಸೆನ್ಸರ್ ಸೇರಿದಾಗಲೂ, 2019ರ ಜಿಆರ್3ರಲ್ಲೂ ರಿಕೋ ಆ ಪಟ್ಟು ಬಿಡಲಿಲ್ಲ. ಬ್ಯಾಟರಿ ಸೇರಿ 257 ಗ್ರಾಂ ತೂಗುವ ಜಿಆರ್3ಕ್ಕೆ ಜಾಗ ಮಾಡಲು ಒಳಗಿನ ಫ್ಲ್ಯಾಶನ್ನೇ ತೆಗೆದುಹಾಕಿದರು. ಕೊಳ್ಳುವವರು ಗೊಣಗಿದರು, ಕೊಂಡರು.

ಅದೇ 1996ರಲ್ಲಿ ಕ್ಯಾನನ್‌ನ ಇಕ್ಸಸ್ ಕೂಡ ಬಂತು. ಒಂದು ಪೆಟ್ಟಿಗೆ, ಅದರೊಳಗೊಂದು ವೃತ್ತ, ಮೇಲೆ ಹೊಳೆವ ಸ್ಟೀಲು. ನಾಲ್ಕು ವರ್ಷದ ನಂತರ ಡಿಜಿಟಲ್ ಇಕ್ಸಸ್ ಅದೇ ರೂಪವನ್ನು ಫಿಲ್ಮಿಲ್ಲದ ಕಾಲಕ್ಕೆ ಒಯ್ದಿತು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಮೊದಲ ಅಮೆರಿಕ ಪ್ರಯಾಣದಿಂದ ತಂದ ಕ್ಯಾಮೆರಾಗಳಲ್ಲಿ ಈ ಬಗೆಯವೇ ಹೆಚ್ಚು. ಆಗ ಶುರುವಾದದ್ದು ತೆಳುವಿನ ಪಂದ್ಯ. 2002ರಲ್ಲಿ ಮಿನೋಲ್ಟಾ ಡಿಮಾಜ್ ಎಕ್ಸ್ ಬೆಳಕನ್ನು ಒಳಗೊಂದು ಪಟ್ಟಕದಿಂದ ತೊಂಬತ್ತು ಡಿಗ್ರಿ ಬಗ್ಗಿಸಿ, ಜೂಮ್ ಲೆನ್ಸನ್ನು ಕ್ಯಾಮೆರಾದ ಉದ್ದಕ್ಕೆ ಮಲಗಿಸಿತು. ಮೂತಿಯೇ ಹೊರಬಾರದ, 20 ಮಿ.ಮೀ. ದಪ್ಪದ ಕ್ಯಾಮೆರಾ. ಮರುವರ್ಷ ಪೆಂಟಾಕ್ಸ್ ಆಪ್ಟಿಯೊ ಎಸ್, ಲೆನ್ಸ್ ಮಡಚಿಕೊಳ್ಳುವಾಗ ಒಂದು ಗಾಜಿನ ಗುಂಪನ್ನೇ ಪಕ್ಕಕ್ಕೆ ಸರಿಸಿ, ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಕೂರುವಷ್ಟು ಚಿಕ್ಕದಾಯಿತು.

ಈ ತೆಳುವಿನ ಹುಚ್ಚು ಕ್ಯಾಮೆರಾದವರಿಗೆ ಮಾತ್ರ ಹಿಡಿದದ್ದಲ್ಲ, ನಮ್ಮ ನೆರೆಯಲ್ಲೇ ಅದರ ಒಳ್ಳೆಯ ಉದಾಹರಣೆ ಇದೆ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಗಡಿಯಾರ ಮಾಡತೊಡಗಿದಾಗ ಬೇಕಾಗಿದ್ದದ್ದು ನಂಬಿಕೆ: ಗಟ್ಟಿ ಮೈ, ಓದಲು ಸುಲಭವಾದ ಅಂಕಿ. ಹೊಸೂರಿನ ಕಾರ್ಖಾನೆಯಿಂದ ಟೈಟನ್ 2002ರಲ್ಲಿ ಹೊರತಂದ ಎಡ್ಜ್ ಬೇರೆ ಕಾಲದ ಕೂಸು. ಒಟ್ಟು ದಪ್ಪ 3.5 ಮಿ.ಮೀ., ಒಳಗಿನ ಯಂತ್ರ ಬರೀ 1.15 ಮಿ.ಮೀ. ಮೇಲೆ ನೋಡಿದರೆ ಎರಡು ಮುಳ್ಳು, ಒಂದಿಷ್ಟು ಗೆರೆ. ಹೊರಗಿನ ಸರಳತೆಗಾಗಿ ಒಳಗಿನ ಎಂಜಿನಿಯರು ಹೊಸ ಯಂತ್ರವನ್ನೇ ಕಟ್ಟಬೇಕಾಯಿತು. ಎಕ್ಸ್‌ಎಯಲ್ಲಿ ಮೈತಾನಿ ಮಾಡಿದ್ದೂ ಇದನ್ನೇ. ಒಂದು ವ್ಯತ್ಯಾಸ ಮುಖ್ಯ. ಕೈಗೆ ಕಟ್ಟಿದ ಗಡಿಯಾರ ಎಷ್ಟು ತೆಳುವಾದರೂ ಜಾರಿಬೀಳುವುದಿಲ್ಲ, ಪಟ್ಟಿ ಹಿಡಿದುಕೊಂಡಿರುತ್ತದೆ. ಕ್ಯಾಮೆರಾವನ್ನು ಬೆರಳೇ ಹಿಡಿಯಬೇಕು.

ಅದನ್ನು ಮರೆತರೆ ಏನಾಗುತ್ತದೆಂದು ಸೋನಿ ತೋರಿಸಿಕೊಟ್ಟಿತು. 2012ರ ಆರ್‌ಎಕ್ಸ್100 ತಂತ್ರದ ದೃಷ್ಟಿಯಿಂದ ಮೈಲುಗಲ್ಲು: 36 ಮಿ.ಮೀ. ದಪ್ಪದ ಮೈಯೊಳಗೆ 13.2×8.8 ಮಿ.ಮೀ. ಸೆನ್ಸರ್, ಅಂದರೆ ಆಗಿನ ಸಾಮಾನ್ಯ ಜೇಬು ಕ್ಯಾಮೆರಾದ ಸೆನ್ಸರಿಗಿಂತ ಸುಮಾರು ನಾಲ್ಕು ಪಟ್ಟು ಹರವು. ಕರಿ ಅಲ್ಯೂಮಿನಿಯಂ ಮೈ, ಲೆನ್ಸಿನ ಸುತ್ತ ಒಂದು ಬಳೆ, ಮುಖದ ಮೇಲೆ ಒಂದೂ ಉಬ್ಬಿಲ್ಲ. ಚಿತ್ರದಲ್ಲಿ ನೋಡಿದರೆ ಶಿಲ್ಪ. ಸಂಗಮದ ಹೊಳೆಗಲ್ಲಿನ ಹಾಗೆ ನುಣ್ಣಗೆ, ಬೆವತ ಕೈಯಲ್ಲಿ ಅಷ್ಟೇ ಜಾರು. ಕೊಂಡವರು ಬೇರೆಯವರು ಮಾಡಿದ ಹಿಡಿ ತರಿಸಿ ಅಂಟಿಸಿಕೊಂಡರು. ಕೊನೆಗೆ ಸೋನಿಯೇ ಅಂಟಿಸುವ ರಬ್ಬರ್ ಹಿಡಿಯನ್ನು ಬೇರೆಯಾಗಿ ಮಾರಿತು. ಏಳು ಆವೃತ್ತಿ ಬಂದರೂ ಮೂಲ ಮೈ ಹೆಚ್ಚು ಬದಲಾಗಲಿಲ್ಲ. ಅಂಗಡಿಯ ಗಾಜಿನ ಕಪಾಟಿಗಾಗಿ ಎಳೆದ ರೇಖೆಯನ್ನು ಬಿಟ್ಟುಕೊಡಲು ಕಂಪನಿಗಳಿಗೆ ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಷ್ಟರಲ್ಲಿ ಫೋನು ಬಂದು ಅಗ್ಗದ ಕ್ಯಾಮೆರಾವನ್ನು ನುಂಗಿತ್ತು. 2010ರಲ್ಲಿ ಜಗತ್ತಿನಾದ್ಯಂತ 12 ಕೋಟಿ ದಾಟಿದ್ದ ಡಿಜಿಟಲ್ ಕ್ಯಾಮೆರಾ ರವಾನೆ 2023ಕ್ಕೆ 80 ಲಕ್ಷಕ್ಕಿಂತ ಕೆಳಗೆ ಇಳಿಯಿತು. ನೆಲಕಚ್ಚಿದವುಗಳಲ್ಲಿ ಬಹುಪಾಲು ಸಣ್ಣ ಕ್ಯಾಮೆರಾಗಳು. ಉಳಿಯಬೇಕಾದರೆ ಫೋನು ಮಾಡಲಾರದ್ದನ್ನು ಮಾಡಬೇಕಿತ್ತು, ಜೊತೆಗೆ ಫೋನಿನ ಹಾಗೆ ಕಾಣಬಾರದಾಗಿತ್ತು. ಎರಡನೆಯ ಮಾತನ್ನು ಮೊದಲು ಅರಿತದ್ದು ಫ್ಯುಜಿಫಿಲ್ಮ್. 2010ರ ಸೆಪ್ಟೆಂಬರಿನಲ್ಲಿ ಅದು ತೋರಿಸಿದ ಎಕ್ಸ್100ರ ನೆತ್ತಿಯ ಮೇಲೆ ಶಟರ್ ವೇಗದ ಡಯಲ್ ಇತ್ತು, ಲೆನ್ಸಿನ ಸುತ್ತ ಕಿಂಡಿಯ ಬಳೆ ಇತ್ತು, ಚರ್ಮದಂಥ ಹೊದಿಕೆ, ಬೆಳ್ಳಿ ಬಣ್ಣ. ಸನ್ನೆ ಒತ್ತಿದರೆ ಗಾಜಿನ ಕಣ್ಣುಕಿಂಡಿ ಇಲೆಕ್ಟ್ರಾನಿಕ್ ಪರದೆಯಾಗಿ ಬದಲಾಗುತ್ತದೆ. ಅಜ್ಜನ ಕಾಲದ ವೇಷ ಎಂದು ಆಗ ಕೆಲವರು ಹಳಿದರು. ಪೂರ್ತಿ ಸುಳ್ಳಲ್ಲ, ಬೆಳ್ಳಿ ಬಣ್ಣಕ್ಕೆ ಯಾವ ತಾಂತ್ರಿಕ ಕಾರಣವೂ ಇಲ್ಲ. ಡಯಲಿಗೆ ಮಾತ್ರ ಇದೆ. ಕ್ಯಾಮೆರಾ ಆಫ್ ಆಗಿದ್ದಾಗಲೂ ಅದು ಯಾವ ವೇಗದಲ್ಲಿದೆ ಎಂದು ಕಣ್ಣು ಓದುತ್ತದೆ, ಬೆರಳು ಲೆಕ್ಕ ಹಿಡಿಯುತ್ತದೆ. ಫೋನಿನ ಪರದೆಯಲ್ಲಿ ಇದು ಸಾಧ್ಯವಿಲ್ಲ. ವೇಷದೊಳಗೆ ಕೆಲಸ ಇತ್ತು, ಆದ್ದರಿಂದ ಅದು ಉಳಿಯಿತು. 2020ರ ಎಕ್ಸ್100ವಿ ಹದಿಹರೆಯದವರ ವಿಡಿಯೋಗಳಲ್ಲಿ ಕಾಣಿಸಿಕೊಂಡು ಎಲ್ಲ ಕಡೆ ಖಾಲಿಯಾಯಿತು. 2024ರ ಎಕ್ಸ್100ವಿಐಯ ವಿಶೇಷ ಆವೃತ್ತಿಯನ್ನು ಕಂಪನಿ ತಾನು ಹುಟ್ಟಿದ ಇಸವಿಯ ನೆನಪಿಗೆ 1,934 ಪ್ರತಿಗಳಷ್ಟೇ ಮಾಡಿತು. ಎಲ್ಲರ ಬಳಿಯೂ ಒಳ್ಳೆಯ ಫೋನಿರುವ ಕಾಲದಲ್ಲಿ ಜನ ಸಾಲುಗಟ್ಟಿ ಕೊಂಡದ್ದರಲ್ಲಿ ಮುಖದ ಪಾಲೆಷ್ಟು, ಲೆನ್ಸಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮುಖದ ಪಾಲು ಕಡಿಮೆಯಲ್ಲ ಎಂದು ನನ್ನ ಗುಮಾನಿ.

ಇನ್ನು ಈ ಮೈಕಟ್ಟು ಹುಟ್ಟುವ ಕೋಣೆಯ ಮಾತು. ಮೊದಲು ಎಂಜಿನಿಯರುಗಳಿಂದ ಅಡಕಪಟ್ಟಿ ಬರುತ್ತದೆ: ಲೆನ್ಸ್ ಇಷ್ಟು, ಸೆನ್ಸರ್ ಇಷ್ಟು, ಬ್ಯಾಟರಿ, ಹಿಂಬದಿಯ ಪರದೆ, ಮುಕ್ಕಾಲಿಗೆ ಸಿಕ್ಕಿಸುವ ತಿರುಪಿನ ತೂತು. ವಿನ್ಯಾಸಕ ಕಾಗದದ ಮೇಲೆ ನೂರಾರು ಗೆರೆ ಎಳೆದು, ಆಮೇಲೆ ಫೋಮ್ ಕೆತ್ತಿ ಅಥವಾ ಜೇಡಿಮಣ್ಣು ಮೆತ್ತಿ ಕೈಗೆ ಸಿಗುವ ಮಾದರಿ ಮಾಡುತ್ತಾನೆ. ಈಗ ಮೂರು ಆಯಾಮದ ಮುದ್ರಣ ಬಂದಿದೆ, ಆದರೂ ಮಣ್ಣು ಹೋಗಿಲ್ಲ. ಉಬ್ಬು ಅರ್ಧ ಮಿ.ಮೀ. ಹೆಚ್ಚಾಯಿತೇ ಎಂಬುದು ಹೆಬ್ಬೆರಳಿಗೆ ತಿಳಿಯುವಷ್ಟು ಕಂಪ್ಯೂಟರಿನ ಪರದೆಗೆ ತಿಳಿಯದು. ಮಾದರಿಯೊಳಗೆ ಸೀಸ ತುಂಬಿ ನಿಜವಾದ ತೂಕ ಬರಿಸುತ್ತಾರೆ, ಏಕೆಂದರೆ ಹಗುರದ ಮಾದರಿ ಕೈಗೆ ಸುಳ್ಳು ಹೇಳುತ್ತದೆ. ಶಟರ್ ಗುಂಡಿ ಅರ್ಧ ಒತ್ತಿದಾಗ ಎಲ್ಲಿ ತಡೆಯಬೇಕು, ಡಯಲ್ ತಿರುಗುವಾಗ ಎಷ್ಟು ಬಿಗಿ ಇರಬೇಕು, ‘ಟಿಕ್’ ಎನ್ನುವ ಸದ್ದು ಎಂಥದಿರಬೇಕು ಎಂಬುದಕ್ಕೆ ವಾರಗಟ್ಟಲೆ ವಾದ ನಡೆಯುತ್ತದೆ. ಮೈಯ ಬಣ್ಣ, ವಸ್ತು, ಮೆರುಗು ನೋಡಿಕೊಳ್ಳಲು ಬೇರೆಯೇ ತಂಡ. ಮೆಗ್ನೀಸಿಯಂ ಹಗುರ, ಆದರೆ ಬಣ್ಣ ಬಳಿಯಲೇಬೇಕು. ಅಲ್ಯೂಮಿನಿಯಂಗೆ ಬಣ್ಣವನ್ನು ಲೋಹದ ಮೈಪದರಕ್ಕೇ ಹಿಡಿಸಬಹುದು. ಹಿತ್ತಾಳೆಯ ಮೇಲಿನ ಕರಿ ಬಣ್ಣ ಸವೆದು ಹಳದಿ ಇಣುಕಿದರೆ ಅದನ್ನೇ ಚಂದವೆಂದು ಮೆಚ್ಚುವವರಿದ್ದಾರೆ.

ಈಚೆಗೆ ಇವೆಲ್ಲಕ್ಕೂ ಮೇಲೆ ಬಂದು ಕೂತಿರುವುದು ಶಾಖ. ದೊಡ್ಡ ಸೆನ್ಸರ್ ವಿಡಿಯೋ ತೆಗೆಯುವಾಗ ಬಿಸಿಯಾಗುತ್ತದೆ, ಆ ಬಿಸಿ ಹೋಗಲು ದಾರಿ ಹೊರಮೈಯೊಂದೇ. ಲೋಹದ ಮೈ ಈಗ ಶೋಕಿಯಲ್ಲ, ಶಾಖ ಹರಡುವ ತಗಡು. ಜಪಾನಿನ ಹವೆಯಲ್ಲಿ ಸರಿಹೋದ ಲೆಕ್ಕ ಕನಕಪುರದ ಏಪ್ರಿಲ್ ಬಿಸಿಲಿನಲ್ಲಿ, ಬಂಡೆಯ ಕಾವು ಮೇಲಕ್ಕೆ ಹೊಡೆಯುವಾಗ, ಹಾಗೆಯೇ ಇರುವುದಿಲ್ಲ. ಆ ಬಿಸಿಲಿನಲ್ಲಿ ಹಿಂಬದಿಯ ಪರದೆಯೂ ಕಾಣುವುದಿಲ್ಲ. ಕಬ್ಬಾಳುದುರ್ಗದ ನೆತ್ತಿಯಲ್ಲಿ ನಿಂತು ಚಿತ್ರ ತೆಗೆಯಲು ಹೋದವರಿಗೆ ಕಣ್ಣುಕಿಂಡಿ ಯಾಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ. ಜಿಆರ್3ಕ್ಕೆ ಕಣ್ಣುಕಿಂಡಿಯಿಲ್ಲ. 2012ರಲ್ಲಿ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರನ್ನು ಅಂಗೈಯಗಲದ ಮೈಯೊಳಗೆ ಕೂರಿಸಿದ ಸೋನಿ ಆರ್‌ಎಕ್ಸ್1ಕ್ಕೂ ಇರಲಿಲ್ಲ. ಅದನ್ನು ಸೇರಿಸಿದರೆ ನೆತ್ತಿ ಎತ್ತರವಾಗುತ್ತದೆ, ರೇಖೆ ಕೆಡುತ್ತದೆ ಎಂಬ ಸಂಕಟ.

ಬೆಳಕು ಕಡಿಮೆಯಿರುವ ಕಡೆ ಈ ಕ್ಯಾಮೆರಾಗಳು ತಮ್ಮ ಬೆಲೆಗೆ ನ್ಯಾಯ ಸಲ್ಲಿಸುತ್ತವೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ಒಳಾಂಗಣದಲ್ಲಿ, ಗೂಡಿನ ರಾಶಿಯ ಮೇಲೆ ಬಗ್ಗಿದ ಮುಖಗಳನ್ನು ಹಿಡಿಯಲು ದೊಡ್ಡ ಸೆನ್ಸರೂ ಅಗಲ ಕಿಂಡಿಯ ಲೆನ್ಸೂ ಬೇಕು. ಅಲ್ಲಿ ಚಿಕ್ಕ ಮೈಗೆ ಇನ್ನೊಂದು ಲಾಭ ಇದೆ: ಹರಾಜಿನಲ್ಲಿ ಮುಳುಗಿದವರು ಅದರ ಕಡೆ ತಿರುಗಿ ನೋಡುವುದಿಲ್ಲ. ಜಾನಪದ ಲೋಕದಂಥ ಕಡೆ ಕಲಾವಿದರ ಎದುರು ನಿಂತು ದಾಖಲಿಸುವವರಿಗೂ ಇದೇ ಅನುಕೂಲ. ಇಂಥ ಕಡೆ ಸಪ್ಪೆಯಾಗಿ ಕಾಣುವುದೇ ಕ್ಯಾಮೆರಾದ ಒಂದು ಸಾಮರ್ಥ್ಯ. ಜಿಆರ್‌ನ ವಿನ್ಯಾಸಕರು ಹೊಳೆವ ಅಕ್ಷರವನ್ನು ಬಿಟ್ಟದ್ದು, ಕೆಲವು ಛಾಯಾಗ್ರಾಹಕರು ಇದ್ದ ಹೆಸರಿನ ಮೇಲೂ ಕರಿ ಟೇಪು ಅಂಟಿಸುವುದು ಇದೇ ಕಾರಣಕ್ಕೆ. ರಾಮದೇವರ ಬೆಟ್ಟದ ರಣಹದ್ದುಗಳ ಮುಂದೆ ಮಾತ್ರ ಈ ಜಾಣ್ಮೆ ನಡೆಯುವುದಿಲ್ಲ. 2012ರಲ್ಲಿ ರಣಹದ್ದು ಧಾಮವಾದ ಆ ಬೆಟ್ಟದ ಕಡಿದಾದ ಬಂಡೆಯ ಮೇಲೆ ಕೂತ ಹಕ್ಕಿಗೆ ಉದ್ದನೆಯ ಲೆನ್ಸೇ ಬೇಕು. ಬೆಳಕಿನ ಲೆಕ್ಕ ಅಲ್ಲಿ ಸಡಿಲುವುದಿಲ್ಲ.

ಬಗೆಹರಿಯದೆ ಉಳಿದದ್ದು ದೂಳು. ಒಳಕ್ಕೆ ಹೊರಕ್ಕೆ ಸರಿಯುವ ಲೆನ್ಸ್ ಪ್ರತಿ ಸಲವೂ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಜಿಆರ್ ಸಾಲಿನ ಕ್ಯಾಮೆರಾಗಳ ಸೆನ್ಸರಿನ ಮೇಲೆ ದೂಳು ಕೂರುತ್ತದೆಂಬುದು ಬಳಕೆದಾರರ ಹಳೆಯ ದೂರು. ಲೆನ್ಸ್ ಬಿಚ್ಚಲಾಗದ್ದರಿಂದ ಅದನ್ನು ಮನೆಯಲ್ಲಿ ಒರೆಸಿಕೊಳ್ಳುವ ಹಾಗಿಲ್ಲ. ಫ್ಯುಜಿ 2020ರ ಮಾದರಿಯಿಂದ ಒಂದು ದಾರಿ ತೋರಿಸಿದೆ: ಮುಂದೆ ಫಿಲ್ಟರ್ ತಿರುಗಿಸಿ ಕೂರಿಸಿದರೆ ಲೆನ್ಸಿನ ಕಡೆಯ ಸಂದು ಮುಚ್ಚುತ್ತದೆ. ಆದರೆ ಆ ಫಿಲ್ಟರೂ ಅದರ ಬಳೆಯೂ ಬೇರೆಯಾಗಿ ಕೊಳ್ಳಬೇಕಾದ ವಸ್ತು, ಹಾಕಿದರೆ ಮೂತಿ ಸ್ವಲ್ಪ ಉದ್ದವಾಗುತ್ತದೆ. 1979ರಲ್ಲಿ ಮೈತಾನಿ ಲೆನ್ಸನ್ನು ಅಲುಗಾಡಿಸದೆ ಕವಚವನ್ನು ಸರಿಸಿದ್ದರಲ್ಲಿ ಈ ಪ್ರಶ್ನೆಗೆ ಅರ್ಧ ಉತ್ತರ ಇತ್ತು. ದೊಡ್ಡ ಸೆನ್ಸರಿನ ಮುಂದೆ ಅಷ್ಟು ಗಿಡ್ಡ ಲೆನ್ಸ್ ಇಡುವುದು ಸುಲಭವಲ್ಲ, ಏಕೆಂದರೆ ಫಿಲ್ಮು ಓರೆಯಾಗಿ ಬಿದ್ದ ಬೆಳಕನ್ನೂ ಸಹಿಸುತ್ತಿತ್ತು, ಸೆನ್ಸರ್ ಅಂಚುಗಳಲ್ಲಿ ಅಷ್ಟು ಸಹಿಸುವುದಿಲ್ಲ. 2025ರಲ್ಲಿ ಬಂದ ಜಿಆರ್4ರ ಲೆನ್ಸೂ ಒಳಕ್ಕೆ ಹೊರಕ್ಕೆ ಸರಿಯುತ್ತದೆ. ಕವಚ ಸರಿಯುವ, ಲೆನ್ಸ್ ಅಲುಗದ, ದೊಡ್ಡ ಸೆನ್ಸರಿನ ಜೇಬು ಕ್ಯಾಮೆರಾವನ್ನು ದೊಡ್ಡ ಕಂಪನಿಗಳಲ್ಲಿ ಯಾವುದೂ ಇನ್ನೂ ಮಾರಾಟಕ್ಕೆ ತಂದಿಲ್ಲ.